ಒಂದೇ ಸಲ, ಸರಿಯಾಗಿ: ಕೈಲಿದ್ದಷ್ಟು ದುಡ್ಡಿನಲ್ಲಿ ಹಾಡುಗಳ ಸಂಗ್ರಹ ಕಟ್ಟಿದ ಒಂದು ಪ್ರಕರಣ

ಒಂದು ರಾತ್ರಿ ಸ್ಟ್ರೀಮಿಂಗ್ ಆ್ಯಪ್ ತೆರೆದೆ. ವರ್ಷಗಳಿಂದ ಕೇಳುತ್ತಿದ್ದ ಒಂದು ಆಲ್ಬಂನ ಎಂಟು ಹಾಡುಗಳಲ್ಲಿ ಆರರ ಹೆಸರು ಮಸುಕಾಗಿತ್ತು. ಒತ್ತಿದರೆ ಹಾಡುತ್ತಿರಲಿಲ್ಲ. ಹಕ್ಕು ಇರುವವರಿಗೂ ಸೇವೆ ನಡೆಸುವವರಿಗೂ ಇದ್ದ ಒಪ್ಪಂದ ಮುಗಿದರೆ ಹೀಗಾಗುತ್ತದೆ. ಚಂದಾ ಕಟ್ಟುವ ನಮಗೆ ಸಿಗುವುದು ಕೇಳುವ ಅವಕಾಶ ಮಾತ್ರ. ಆ್ಯಪ್ ಒಳಗೆ ಇಳಿಸಿಟ್ಟುಕೊಂಡ ಹಾಡೂ ಬೀಗ ಹಾಕಿದ ಫೈಲೇ, ಚಂದಾ ನಿಂತರೆ ಅದೂ ನಿಲ್ಲುತ್ತದೆ. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಆದರೂ ಆ ಆರು ಮಸುಕು ಸಾಲು ನೋಡಿ ಹೊಟ್ಟೆಯೊಳಗೆ ಏನೋ ಕಲಕಿದ ಹಾಗಾಯಿತು.

ಅಲ್ಲಿಂದ ಶುರುವಾದ ಕೆಲಸ 14 ತಿಂಗಳು ನಡೆಯಿತು. ಖರ್ಚಿಗೆ ನಾನೇ ಒಂದು ಮಿತಿ ಹಾಕಿಕೊಂಡೆ: ಎರಡು ವರ್ಷಕ್ಕೆ ಕಟ್ಟುವ ಚಂದಾ ಎಷ್ಟಾಗುತ್ತದೋ ಅಷ್ಟು. ಅದರಾಚೆ ಒಂದು ಕಾಸೂ ಇಲ್ಲ. ಆ 14 ತಿಂಗಳಲ್ಲಿ ಏನು ಮಾಡಿದೆ, ಎಲ್ಲಿ ಎಡವಿದೆ, ಯಾವುದಕ್ಕೆ ದುಡ್ಡು ಕೊಟ್ಟೆ, ಯಾವುದಕ್ಕೆ ಕೊಡಲಿಲ್ಲ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮನೆಯಲ್ಲಿ ಏನಿದೆ ನೋಡಿದೆ

ಸಂಗ್ರಹ ಕಟ್ಟಬೇಕು ಅಂದ ತಕ್ಷಣ ಎಲ್ಲರ ಕೈ ಹೋಗುವುದು ಕೊಳ್ಳುವ ಕಡೆಗೆ. ನನ್ನದೂ ಹೋಗಿತ್ತು. ಒಂದು ವಾರ ತಡೆದು, ಮನೆಯನ್ನೇ ಜಾಲಾಡಿದೆ. ಕಪಾಟಿನಲ್ಲಿ 58 ಸಿಡಿ ಸಿಕ್ಕವು. ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆಯಲ್ಲಿ 36 ಕ್ಯಾಸೆಟ್. ಮತ್ತೆ ಒಂದು ಹಳೇ ಹಾರ್ಡ್ ಡಿಸ್ಕ್, ಅದರಲ್ಲಿ 9,400 ಎಂಪಿ3 ಫೈಲ್. ಅವು ಯಾವಾಗ ಎಲ್ಲಿಂದ ಬಂದವು ಅಂತ ಅರ್ಧಕ್ಕರ್ಧ ನೆನಪಿರಲಿಲ್ಲ.

ಪಟ್ಟಿಗೆ ಇನ್ನೊಂದು ಸಾಲು ಸೇರಿಸಲೇಬೇಕಾಯಿತು, ಅದು ಇಲ್ಲದವುಗಳ ಸಾಲು. ಬಹಳ ಹಿಂದೆ 27 ಸಿಡಿಗಳನ್ನು ಕಂಪ್ಯೂಟರಿಗೆ ಹಾಕಿಕೊಂಡು, 'ಇನ್ನೇಕೆ ಇವು' ಅಂತ ಅವನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದೆ. ಆಗ ಡಿಸ್ಕ್‌ನಲ್ಲಿ ಜಾಗ ಕಡಿಮೆ. ಹಾಗಾಗಿ 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಮಾಡಿದ್ದೆ, ಒಂದು ನಿಮಿಷಕ್ಕೆ ಸುಮಾರು 1 ಎಂಬಿ. ಆಮೇಲೆ ಯಾವಾಗಲೋ ಅವನ್ನೇ 320ಕ್ಕೆ ಬದಲಾಯಿಸಿದ್ದೆ, ಗುಣಮಟ್ಟ ಜಾಸ್ತಿ ಆಗುತ್ತೆ ಅಂದುಕೊಂಡು.

ಅದರಲ್ಲಿ ಒಂದು ಫೈಲನ್ನು ಆಡಾಸಿಟಿ ಅನ್ನುವ ಸದ್ದು ತಿದ್ದುವ ತಂತ್ರಾಂಶದಲ್ಲಿ ತೆರೆದು ಸ್ಪೆಕ್ಟ್ರೋಗ್ರಾಂ ನೋಟಕ್ಕೆ ತಿರುಗಿಸಿದೆ. ಈ ಚಿತ್ರದಲ್ಲಿ ಎಡದಿಂದ ಬಲಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ತಾಳದ ಪೆಟ್ಟು ಬಿದ್ದಲ್ಲೆಲ್ಲ ಬೆಳಕಿನ ಕಂಬ ಏಳುತ್ತದೆ. ನನ್ನ ಫೈಲಿನಲ್ಲಿ ಎಲ್ಲ ಕಂಬಗಳೂ 16 ಕಿಲೋಹರ್ಟ್ಸ್ ಹತ್ತಿರ ಒಂದೇ ಎತ್ತರಕ್ಕೆ ನಿಂತುಹೋಗಿದ್ದವು. ಸ್ಕೇಲು ಇಟ್ಟು ಬ್ಲೇಡಿನಿಂದ ಕೊಯ್ದ ಹಾಗೆ. ಅದರ ಮೇಲೆ ಬರೀ ಕತ್ತಲು. ಪಕ್ಕದಲ್ಲಿ ಸಿಡಿಯಿಂದ ನೇರ ತೆಗೆದ ಬೇರೊಂದು ಹಾಡು ತೆರೆದೆ. ಅದರ ಕಂಬಗಳು 20 ಕಿಲೋಹರ್ಟ್ಸ್ ದಾಟಿ ಹೋಗುತ್ತಿದ್ದವು, ಒಂದೊಂದು ಒಂದೊಂದು ಎತ್ತರಕ್ಕೆ.

128ರಲ್ಲಿ ಎಂಪಿ3 ಮಾಡುವಾಗ ಎನ್‌ಕೋಡರ್, ಅಂದರೆ ಹಾಡನ್ನು ಕುಗ್ಗಿಸುವ ತಂತ್ರಾಂಶ, ಮೇಲಿನ ಸ್ವರಗಳನ್ನು ಸಾಮಾನ್ಯವಾಗಿ ಹೀಗೇ ಕತ್ತರಿಸುತ್ತದೆ. ಇರುವ ಸ್ವಲ್ಪ ಬಿಟ್‌ಗಳನ್ನು ಕಿವಿಗೆ ಹೆಚ್ಚು ಬೇಕಾದ ಕಡೆ ಬಳಸುತ್ತದೆ. ಒಮ್ಮೆ ಹೋದದ್ದು ಹೋಯಿತು. ಆಮೇಲೆ 320 ಮಾಡಿದರೆ ಫೈಲ್ ಎರಡೂವರೆ ಪಟ್ಟು ದಪ್ಪ ಆಗುತ್ತದೆ, ಕಳೆದದ್ದು ವಾಪಸ್ ಬರುವುದಿಲ್ಲ. ಮತ್ತೊಮ್ಮೆ ಕುಗ್ಗಿಸಿದ್ದರಿಂದ ಇನ್ನಷ್ಟು ಕೆಟ್ಟಿರುತ್ತದೆ ಅಷ್ಟೆ. ಮೂಲ ಸಿಡಿ ಈಗ ನನ್ನ ಹತ್ತಿರ ಇಲ್ಲ. 27 ಆಲ್ಬಂ!

ಆವತ್ತು ಒಂದು ನಿಯಮ ಮಾಡಿಕೊಂಡೆ. ಯಾವ ಆಲ್ಬಂ ಮೇಲೂ ಎರಡನೇ ಸಲ ಕೂರುವ ಹಾಗಾಗಬಾರದು. ಕೈಗೆತ್ತಿಕೊಂಡರೆ ಒಂದೇ ಸಲ, ಸರಿಯಾಗಿ. ದುಡ್ಡು ಕಡಿಮೆ ಇರುವವರಿಗೆ ಇದು ಇನ್ನೂ ಜಾಸ್ತಿ ಮುಖ್ಯ. ಎರಡನೇ ಸಲ ಮಾಡುವುದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಖರ್ಚು.

ಯಾವ ರೂಪದಲ್ಲಿ ಇಡುವುದು

ಸಿಡಿಯ ಲೆಕ್ಕ ಸುಲಭ. ಸೆಕೆಂಡಿಗೆ ಸದ್ದಿನ 44,100 ಅಳತೆ, ಅಂದರೆ ಮಾದರಿ, ಒಂದೊಂದೂ 16 ಬಿಟ್, ಎಡ ಬಲ ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 1,411 ಕಿಲೋಬಿಟ್, ನಿಮಿಷಕ್ಕೆ ಹತ್ತೂವರೆ ಎಂಬಿ. ಸಿಡಿ ಮಾರುಕಟ್ಟೆಗೆ ಬಂದ 1982ರಿಂದ ಇವತ್ತಿನವರೆಗೂ ಇದು ಬದಲಾಗಿಲ್ಲ. ಮನುಷ್ಯರ ಕಿವಿ ಕೇಳುವ ಮಿತಿ ಸುಮಾರು 20 ಕಿಲೋಹರ್ಟ್ಸ್, ಅದೂ ಎಳೆಯ ವಯಸ್ಸಿನಲ್ಲಿ. 44.1 ಕಿಲೋಹರ್ಟ್ಸ್ ಮಾದರಿಯಲ್ಲಿ 22 ಕಿಲೋಹರ್ಟ್ಸ್‌ವರೆಗಿನ ಸ್ವರ ಹಿಡಿಸುತ್ತದೆ. ಹಾಗಾಗಿ 'ಹೈ ರೆಸ್' ಅಂತ 24 ಬಿಟ್, 192 ಕಿಲೋಹರ್ಟ್ಸ್ ಫೈಲ್‌ಗಳಿಗೆ ಜಾಸ್ತಿ ಬೆಲೆ ಕೇಳಿದರೆ ನಾನು ಕೊಡಲಿಲ್ಲ. ಅದೇ ದುಡ್ಡಿಗೆ ಇನ್ನೊಂದು ಆಲ್ಬಂ ಬರುತ್ತೆ ಅಲ್ವಾ?

ಸಂಗ್ರಹಕ್ಕೆ ಆರಿಸಿಕೊಂಡದ್ದು ಫ್ಲ್ಯಾಕ್. 2001ರಿಂದ ಇರುವ ರೂಪ, ಯಾರಿಗೂ ಶುಲ್ಕ ಕಟ್ಟಬೇಕಿಲ್ಲ. 2024ರ ಡಿಸೆಂಬರ್‌ನಲ್ಲಿ ಅದು ಆರ್‌ಎಫ್‌ಸಿ 9639 ಅನ್ನುವ ಮುಕ್ತ ಇಂಟರ್ನೆಟ್ ಮಾನದಂಡವೂ ಆಯಿತು. ಇದು ಹಾಡನ್ನು ಜಿಪ್ ಫೈಲಿನ ಹಾಗೆ ಮಡಚಿಡುತ್ತದೆ, ಏನನ್ನೂ ಬಿಸಾಡುವುದಿಲ್ಲ. ಬಿಚ್ಚಿದರೆ ಸಿಡಿಯಲ್ಲಿದ್ದ ಒಂದೊಂದು ಬಿಟ್ಟೂ ವಾಪಸ್ ಬರುತ್ತದೆ. ಗಾತ್ರ ಸಾಮಾನ್ಯವಾಗಿ ಮೂಲದ ಅರ್ಧದಿಂದ ಮೂರನೇ ಎರಡು ಭಾಗ. ನನ್ನ 58 ಸಿಡಿ ಒಟ್ಟು ಸುಮಾರು 18 ಜಿಬಿ ಆದವು. ಇಂದಿನ ಪುಟ್ಟ ಪೆನ್ ಡ್ರೈವ್‌ನಲ್ಲೂ ಹಿಡಿಸುವಷ್ಟು.

ಫೋನಿಗೆ ಮಾತ್ರ ಬೇರೆ ಪ್ರತಿ. ಫ್ಲ್ಯಾಕ್‌ನಿಂದ 128 ಕೆಬಿಪಿಎಸ್ ಓಪಸ್ ಮಾಡಿಕೊಂಡೆ. ಓಪಸ್ ಕೂಡ ಎಂಪಿ3ಯ ಹಾಗೆ ಹಾಡನ್ನು ಕುಗ್ಗಿಸಿಡುವ ರೂಪ, 2012ರಲ್ಲಿ ಬಂದದ್ದು, ಅದೇ ಬಿಟ್‌ರೇಟಿನಲ್ಲಿ ಎಂಪಿ3ಗಿಂತ ಎಷ್ಟೋ ಮೇಲು. 50 ನಿಮಿಷದ ಆಲ್ಬಂ ಸುಮಾರು 48 ಎಂಬಿ. ನನ್ನ ಕಿವಿಯನ್ನು ಸುಮ್ನೆ ನಂಬಬಾರದು ಅಂತ ಪರೀಕ್ಷೆಯನ್ನೂ ಮಾಡಿದೆ. ಫೂಬಾರ್2000 ಅನ್ನುವ ಉಚಿತ ಪ್ಲೇಯರ್‌ಗೆ ಎಬಿಎಕ್ಸ್ ಅಂತ ಒಂದು ಜೋಡಣೆ ಸಿಗುತ್ತದೆ. ಯಾವುದು ಯಾವ ಫೈಲ್ ಅಂತ ಹೇಳದೆ ಹಾಡಿಸಿ, ಗುರುತಿಸಿ ಅನ್ನುತ್ತದೆ. 16 ಸಲದಲ್ಲಿ 12 ಅಥವಾ ಜಾಸ್ತಿ ಸರಿ ಬಂದರೆ ಮಾತ್ರ ಬರೀ ಊಹೆಯಲ್ಲ ಅಂತ ಹೇಳಬಹುದು. ಫ್ಲ್ಯಾಕ್ ಮತ್ತು ಓಪಸ್ ನಡುವೆ ನನಗೆ ಬಂದದ್ದು 9. ಫ್ಲ್ಯಾಕ್ ಮತ್ತು ಹಳೇ 128 ಎಂಪಿ3 ನಡುವೆ 14. ಝಲ್ಲೆನ್ನುವ ತಾಳದ ಸದ್ದು ಎಂಪಿ3ಯಲ್ಲಿ ನೀರೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಒಮ್ಮೆ ಗೊತ್ತಾದ ಮೇಲೆ ಅದನ್ನು ಮರೆಯಲು ಆಗುವುದಿಲ್ಲ.

ಹಾಗಾದರೆ ನೇರ ಓಪಸ್‌ನಲ್ಲೇ ಇಡಬಹುದಲ್ಲ ಅಂತ ಕೇಳಬಹುದು. ಇನ್ನು ಹತ್ತು ವರ್ಷಕ್ಕೆ ಇನ್ನೂ ಒಳ್ಳೆಯ ರೂಪ ಬರಬಹುದು. ಆಗ ಫ್ಲ್ಯಾಕ್‌ನಿಂದ ಒಂದು ರಾತ್ರಿಯಲ್ಲಿ ಹೊಸ ಪ್ರತಿ ಮಾಡಿಕೊಳ್ಳಬಹುದು. ಓಪಸ್‌ನಿಂದ ಮಾಡಿದರೆ ಮತ್ತೆ 27 ಆಲ್ಬಂನ ಕತೆಯೇ.

ಸಿಡಿಗಳು

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಡ್ರೈವ್ ಇರುವುದಿಲ್ಲ. ಸ್ನೇಹಿತರೊಬ್ಬರ ಹತ್ತಿರ ಸುಮ್ನೆ ಬಿದ್ದಿದ್ದ ಯುಎಸ್‌ಬಿ ಡ್ರೈವ್ ತಂದೆ. ಸಿಡಿಯಿಂದ ಹಾಡು ತೆಗೆಯುವುದನ್ನು ರಿಪ್ ಮಾಡುವುದು ಅನ್ನುತ್ತಾರೆ. ತಮ್ಮದೇ ಸಿಡಿಯನ್ನು ತಮ್ಮ ಬಳಕೆಗೆ ರಿಪ್ ಮಾಡಲು ಎಷ್ಟು ಅವಕಾಶ ಇದೆ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಅದನ್ನು ಮೊದಲೇ ನೋಡಿಕೊಳ್ಳಬೇಕು.

ಮಾಮೂಲಿ ಪ್ಲೇಯರ್ ತಂತ್ರಾಂಶದಲ್ಲೂ ರಿಪ್ ಮಾಡಬಹುದು. ಆದರೆ ಗೀರು ಬಿದ್ದ ಕಡೆ ಓದಲು ಆಗದಿದ್ದರೆ ಅವು ಎಷ್ಟೋ ಸಲ ಏನೋ ಒಂದು ತುಂಬಿ ಮುಂದೆ ಹೋಗುತ್ತವೆ, ಬಾಯಿ ಬಿಡುವುದಿಲ್ಲ. ಕೇಳುವಾಗ ಟಿಕ್ ಅಂತ ಸದ್ದು ಬಂದ ಮೇಲೇ ಗೊತ್ತಾಗುವುದು. ಹಾಗಾಗಿ ಎಕ್ಸಾಕ್ಟ್ ಆಡಿಯೋ ಕಾಪಿ ಬಳಸಿದೆ. ಇದು ವಿಂಡೋಸ್‌ನದು, ಮ್ಯಾಕ್‌ಗೆ ಎಕ್ಸ್‌ಎಲ್‌ಡಿ ಇದೆ, ಲಿನಕ್ಸ್‌ಗೆ ವಿಪ್ಪರ್. ಮೂರೂ ಉಚಿತ. ಇವು ಅನುಮಾನ ಬಂದ ಜಾಗವನ್ನು ಮತ್ತೆ ಮತ್ತೆ ಓದುತ್ತವೆ. ಕೊನೆಗೆ ಆಕ್ಯುರೇಟ್‌ರಿಪ್ ಅನ್ನುವ ಮಾಹಿತಿ ಕೋಶದೊಂದಿಗೆ ಹೋಲಿಸುತ್ತವೆ. ಅದೇ ಸಿಡಿಯನ್ನು ಬೇರೆ ಬೇರೆ ಜನ, ಬೇರೆ ಬೇರೆ ಡ್ರೈವ್‌ನಲ್ಲಿ ರಿಪ್ ಮಾಡಿದಾಗ ಬಂದ ಚೆಕ್‌ಸಮ್, ಅಂದರೆ ಹಾಡಿನ ದತ್ತಾಂಶದಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ, ಅಲ್ಲಿರುತ್ತದೆ. ನನ್ನದೂ ಅವರದೂ ಒಂದೇ ಆದರೆ ಮತ್ತೆ ಆ ಸಿಡಿ ಮುಟ್ಟಬೇಕಾಗಿಲ್ಲ. ಗುರುತು ಪರಿಚಯ ಇಲ್ಲದ ಹತ್ತಾರು ಜನ ನನ್ನ ಸಿಡಿ ಸರಿ ಇದೆ ಅಂತ ಸಾಕ್ಷಿ ಹೇಳಿದ ಹಾಗೆ. ನನಗೆ ಇದು ಬಹಳ ಇಷ್ಟ.

58ರಲ್ಲಿ 51 ಮೊದಲ ಸಲವೇ ಹೊಂದಿದವು. ನಾಲ್ಕನ್ನು ಒರೆಸಿ ಮತ್ತೆ ಹಾಕಬೇಕಾಯಿತು. ಒರೆಸುವುದು ನಡುವಿನಿಂದ ಅಂಚಿಗೆ ನೇರವಾಗಿ, ಮೆತ್ತಗಿನ ಬಟ್ಟೆಯಲ್ಲಿ. ಸುತ್ತ ಉಜ್ಜಬಾರದು. ದತ್ತಾಂಶ ಸುತ್ತಿಕೊಂಡು ಹೋಗಿರುತ್ತದೆ, ಅದೇ ದಿಕ್ಕಿನಲ್ಲಿ ಉದ್ದ ಗೀರು ಬಿದ್ದರೆ ಸರಿಪಡಿಸಿಕೊಳ್ಳಲು ಡ್ರೈವ್‌ಗೆ ಆಗುವುದಿಲ್ಲ. ಎರಡು ಸಿಡಿ ಕೋಶದಲ್ಲೇ ಇರಲಿಲ್ಲ. ಅವನ್ನು ಎರಡೆರಡು ಸಲ ರಿಪ್ ಮಾಡಿ ಚೆಕ್‌ಸಮ್ ಒಂದೇ ಇದೆಯಾ ನೋಡಿದೆ. ಉಳಿದ ಒಂದರಲ್ಲಿ ಕೊನೆಯ ಹಾಡು ಏನು ಮಾಡಿದರೂ ಬರಲಿಲ್ಲ. ಬೆಳಕಿಗೆ ಹಿಡಿದು ನೋಡಿದೆ. ಹೊಳೆಯುವ ಮುಖ ಚೆನ್ನಾಗಿಯೇ ಇತ್ತು, ಹೆಸರು ಅಚ್ಚಾದ ಮುಖದಲ್ಲಿ ಸೂಜಿಮೊನೆಯಷ್ಟು ತೂತು, ಅದರಿಂದ ಬೆಳಕು ಬರುತ್ತಿತ್ತು. ಸಿಡಿಯಲ್ಲಿ ಹೊಳೆಯುವ ಪದರ ಇರುವುದು ಲೇಬಲ್ಲಿನ ಕೆಳಗೇ. ನಾವು ಜೋಪಾನ ಮಾಡುವುದು ಇನ್ನೊಂದು ಮುಖವನ್ನು.

ಸಿಡಿಗೆ 15ರಿಂದ 20 ನಿಮಿಷ, ದಿನಕ್ಕೆ ಎರಡೋ ಮೂರೋ. ಐದು ವಾರದಲ್ಲಿ ಮುಗಿಯಿತು. ಈ ಹಂತಕ್ಕೆ ಆದ ಖರ್ಚು ಸೊನ್ನೆ.

9,400 ಫೈಲ್‌ಗಳ ರಾಶಿ

ಹಳೇ ಡಿಸ್ಕ್ ತೆರೆದರೆ 'ಟ್ರ್ಯಾಕ್ 01' ಅನ್ನುವ ಹೆಸರಿನವೇ ನೂರಾರು. ಕೆಲವು ಕಡೆ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ಹಾಡಿನ ಹೆಸರು, ಹಾಡಿದವರ ಹೆಸರನ್ನು ಫೈಲಿನ ಒಳಗೇ ಬರೆದಿಡುವುದಕ್ಕೆ ಟ್ಯಾಗ್ ಅನ್ನುತ್ತಾರೆ. ಎಂಪಿ3ಯ ಮೊದಲ ಟ್ಯಾಗ್ ಪದ್ಧತಿ, ಐಡಿ3ಯ ಮೊದಲ ಆವೃತ್ತಿ, ಹಾಡಿನ ಹೆಸರಿಗೆ ಕೊಟ್ಟಿದ್ದು 30 ಬೈಟ್. ಇಂಗ್ಲಿಷ್ ಅಕ್ಷರವಾದರೆ 30. ಕನ್ನಡದ ಒಂದು ಅಕ್ಷರ ಯೂನಿಕೋಡ್‌ನ ಯುಟಿಎಫ್-8ರಲ್ಲಿ 3 ಬೈಟ್ ತಿನ್ನುತ್ತದೆ, ಒತ್ತಕ್ಷರ ಇದ್ದರೆ 9ಕ್ಕೂ ಹೋಗಬಹುದು. ಆ ಪದ್ಧತಿ ನಮ್ಮ ಲಿಪಿಗಳನ್ನು ಯೋಚಿಸಿ ಮಾಡಿದ್ದೇ ಅಲ್ಲ. ಫ್ಲ್ಯಾಕ್‌ನ ಟ್ಯಾಗ್‌ಗಳು ಮೊದಲಿನಿಂದಲೂ ಯುಟಿಎಫ್-8, ಉದ್ದಕ್ಕೆ ಅಂಥ ಕಟ್ಟುಪಾಡು ಇಲ್ಲ.

ಮ್ಯೂಸಿಕ್‌ಬ್ರೇನ್ಸ್ ಅನ್ನುವ ಮುಕ್ತ ಕೋಶ ಇದೆ, ಅದರ ಜೊತೆ ಪಿಕಾರ್ಡ್ ಅನ್ನುವ ಉಚಿತ ತಂತ್ರಾಂಶ. ಫೈಲಿನ ಹೆಸರು ಏನೇ ಇರಲಿ, ಅದು ಹಾಡಿನ ಸದ್ದಿನಿಂದಲೇ ಒಂದು ಬೆರಳಚ್ಚು ತೆಗೆದು, ಇದು ಇಂಥ ಹಾಡು ಅಂತ ಹುಡುಕಿಕೊಡುತ್ತದೆ. ಹೆಸರಿಲ್ಲದ ಫೈಲ್‌ಗಳಿಗೆ ಒಂದೊಂದಾಗಿ ಹೆಸರು ಬರುವುದನ್ನು ನೋಡುತ್ತಾ ಕೂರುವುದೇ ಒಂದು ಖುಷಿ. ಆದರೆ ಕಣ್ಣು ಮುಚ್ಚಿ ಒಪ್ಪಬಾರದು. ಒಂದೇ ಹಾಡು ಮೂಲ ಆಲ್ಬಂನಲ್ಲೂ ಇರುತ್ತದೆ, ಆಮೇಲೆ ಬಂದ ಹತ್ತು ಸಂಕಲನಗಳಲ್ಲೂ ಇರುತ್ತದೆ. ಬಿಟ್ಟರೆ ಒಂದು ಆಲ್ಬಂನ ಹಾಡುಗಳನ್ನು ಹತ್ತು ಕಡೆ ಹಂಚಿಬಿಡುತ್ತದೆ. ಮೊದಲ 300 ಫೈಲ್‌ಗೆ ಹೀಗೇ ಆಯಿತು. ಆಮೇಲಿಂದ ಒಂದೊಂದೇ ಆಲ್ಬಂ ಹಾಕಿ, ನೋಡಿ, ಉಳಿಸಿದೆ.

'ಆಲ್ಬಂ ಆರ್ಟಿಸ್ಟ್' ಅಂತ ಒಂದು ಟ್ಯಾಗ್ ಇದೆ. ಒಂದು ಆಲ್ಬಂನಲ್ಲಿ ಐದು ಜನ ಹಾಡಿದ್ದರೆ, ಈ ಟ್ಯಾಗ್ ಖಾಲಿ ಇದ್ದರೆ ಪ್ಲೇಯರ್ ಅದನ್ನು ಐದು ಆಲ್ಬಂ ಮಾಡಿ ತೋರಿಸಬಹುದು. ಎಲ್ಲಕ್ಕೂ ಒಂದೇ ಹೆಸರು ಕೊಟ್ಟರೆ ಒಂದಾಗುತ್ತದೆ. ಇದೊಂದು ಗೊತ್ತಿದ್ದಿದ್ದರೆ ನನ್ನ ಎರಡು ವಾರ ಉಳಿಯುತ್ತಿತ್ತು.

9,400ರಲ್ಲಿ ಕೊನೆಗೆ ಉಳಿದದ್ದು 2,800. ಎರಡೆರಡು ಸಲ ಇದ್ದವು ಹೋದವು, ಸಿಡಿಯಿಂದ ಬಂದವುಗಳ ಹಳೇ ಪ್ರತಿ ಹೋದವು. ಒಮ್ಮೆಯೂ ಕೇಳದವು, ಕೇಳುವ ಮನಸ್ಸೂ ಇಲ್ಲದವು, ಎಲ್ಲಿಂದ ಬಂದವು ಅಂತ ಹೇಳಿಕೊಳ್ಳಲು ಮುಜುಗರವಾಗುವಂಥವು, ಎಲ್ಲ ಹೋದವು. ಇನ್ನು 14 ಫೈಲ್ ತೆರೆಯಲೇ ಇಲ್ಲ. ಅವು ಬಹಳ ಹಿಂದೆ ದುಡ್ಡು ಕೊಟ್ಟು ಕೊಂಡವು. ಆದರೆ ಬೀಗ ಹಾಕಿದವು, ಬೀಗದ ಕೈ ಕೊಡುತ್ತಿದ್ದ ಸರ್ವರ್ ಮುಚ್ಚಿಹೋಗಿದೆ. ಬೆಲೆ ಕೊಟ್ಟು ಕೊಂಡ ಹಾಡು ನನ್ನ ಕಂಪ್ಯೂಟರಿನಲ್ಲೇ ಇದೆ, ಕೇಳಲು ಆಗುವುದಿಲ್ಲ. ಈ 14ಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಹಾಗಾಗಿ ಬೀಗ ಇರುವ ಫೈಲ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಈ ಸಲ ಮುಟ್ಟಲಿಲ್ಲ.

ದುಡ್ಡು ಎಲ್ಲಿ ಹೋಯಿತು

ಮೊದಲ ಖರೀದಿ ಹಾಡಲ್ಲ, ಒಂದು 1 ಟಿಬಿ ಹಾರ್ಡ್ ಡಿಸ್ಕ್. ಇಟ್ಟುಕೊಂಡಿದ್ದ ದುಡ್ಡಿನಲ್ಲಿ ಅರ್ಧದ ಹತ್ತಿರ ಅದಕ್ಕೇ ಹೋಯಿತು. ಮನೆಯವರು 'ಹಾಡು ಕೊಳ್ಳುತ್ತೇನೆ ಅಂದೆ, ಡಬ್ಬಿ ತಂದೆ' ಅಂದರು. ಕಾರಣ ಮುಂದೆ ಬರುತ್ತದೆ.

ಉಳಿದದ್ದರಲ್ಲಿ 13 ಸೆಕೆಂಡ್ ಹ್ಯಾಂಡ್ ಸಿಡಿ ಕೊಂಡೆ. ಜನ ಸಿಡಿ ಬಿಡುತ್ತಿರುವ ಕಾಲ ಇದು. ಒಳ್ಳೆ ಗುಣಮಟ್ಟದ ಹಾಡು ಇಷ್ಟು ಅಗ್ಗಕ್ಕೆ ಬೇರೆ ಯಾವ ದಾರಿಯಲ್ಲೂ ಸಿಗುವುದಿಲ್ಲ. ಸ್ವಲ್ಪ ಗೀರು ಇದ್ದರೆ ಬೆಲೆ ಇನ್ನೂ ಕಡಿಮೆ, ಎಷ್ಟೋ ಸಲ ರಿಪ್ ಪೂರ್ತಿ ಸರಿಯಾಗಿಯೇ ಬರುತ್ತದೆ. ಕೊಳ್ಳುವ ಮೊದಲು ಎರಡೂ ಮುಖ ನೋಡುವುದನ್ನು ಈಗ ಕಲಿತಿದ್ದೇನೆ. ಈ 13ರಲ್ಲಿ 11, ನಾನು ಒಂದು ಕಾಲದಲ್ಲಿ ಕೊಟ್ಟುಬಿಟ್ಟಿದ್ದ ಆಲ್ಬಂಗಳೇ. ನನ್ನದೇ ತಪ್ಪಿಗೆ ಎರಡನೇ ಸಲ ಕೊಟ್ಟ ಬೆಲೆ ಅದು.

ಒಂಬತ್ತು ಆಲ್ಬಂ ಡೌನ್‌ಲೋಡ್ ಆಗಿ ಕೊಂಡೆ, ಹೆಚ್ಚಿನವು ಬ್ಯಾಂಡ್‌ಕ್ಯಾಂಪ್‌ನಲ್ಲಿ. 2008ರಿಂದ ಇರುವ ತಾಣ. ಒಮ್ಮೆ ಕೊಂಡರೆ ಫ್ಲ್ಯಾಕ್, ಎಂಪಿ3, ಯಾವ ರೂಪದಲ್ಲಿ ಬೇಕಾದರೂ ಬೀಗವಿಲ್ಲದೆ ಇಳಿಸಿಕೊಳ್ಳಬಹುದು. ಡಿಜಿಟಲ್ ಮಾರಾಟದಲ್ಲಿ ಅವರ ಪಾಲು ಸಾಮಾನ್ಯವಾಗಿ ನೂರಕ್ಕೆ 15. 2020ರ ಮಾರ್ಚ್‌ನಿಂದ ಕೆಲವು ಶುಕ್ರವಾರಗಳಂದು ಆ ಪಾಲನ್ನೂ ಬಿಡುತ್ತಾ ಬಂದಿದ್ದಾರೆ. ನಾನು ಪಟ್ಟಿ ಮಾಡಿಟ್ಟುಕೊಂಡು ಅಂಥ ಶುಕ್ರವಾರಕ್ಕೆ ಕಾಯುತ್ತಿದ್ದೆ. ನನಗೆ ಬೆಲೆ ಅಷ್ಟೇ, ಹಾಡಿದವರಿಗೆ ಜಾಸ್ತಿ ಸೇರುತ್ತದೆ. ಎಷ್ಟೋ ಕಲಾವಿದರು ಬೆಲೆಯನ್ನು ಕೇಳುಗರಿಗೇ ಬಿಟ್ಟಿರುತ್ತಾರೆ, ಸೊನ್ನೆ ಕೊಟ್ಟರೂ ಇಳಿಯುತ್ತದೆ. ಅಂಥ ಕಡೆ ನಾನು ಸೊನ್ನೆ ಹಾಕಲಿಲ್ಲ. ಬಜೆಟ್ ಅಂದರೆ ನನ್ನ ದುಡ್ಡಿಗೆ ಮಿತಿ, ಅವರ ದುಡಿಮೆಗಲ್ಲ.

ಉಚಿತವಾಗಿ, ನ್ಯಾಯವಾಗಿ ಸಿಗುವುದೂ ಬಹಳ ಇದೆ. ಇಂಟರ್ನೆಟ್ ಆರ್ಕೈವ್ ಅನ್ನುವ ತಾಣದಲ್ಲಿ 78 ಆರ್‌ಪಿಎಂನ ಹಳೇ ಗ್ರಾಮಫೋನ್ ತಟ್ಟೆಗಳಿಂದ ತೆಗೆದ ರಾಶಿ ರಾಶಿ ಧ್ವನಿಮುದ್ರಣ ಇದೆ, ಆದರೆ ಎಲ್ಲದರ ಹಕ್ಕೂ ಮುಗಿದಿಲ್ಲ, ನೋಡಿ ಆರಿಸಿಕೊಳ್ಳಬೇಕು. ತಮ್ಮ ಕಛೇರಿಗಳನ್ನು ಕೇಳುಗರು ಮುದ್ರಿಸಿ ಹಂಚಲು ಒಪ್ಪಿದ ತಂಡಗಳ ಲೈವ್ ಸಂಗ್ರಹವೂ ಇದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2011ರಲ್ಲಿ ನ್ಯಾಷನಲ್ ಜ್ಯೂಕ್‌ಬಾಕ್ಸ್ ಅನ್ನುವ ಹಳೇ ಧ್ವನಿಮುದ್ರಣಗಳ ತಾಣ ತೆರೆಯಿತು. ಅಲ್ಲಿನ ಕಾನೂನಿನ ಪ್ರಕಾರ 1923ಕ್ಕಿಂತ ಹಿಂದಿನ ಧ್ವನಿಮುದ್ರಣಗಳೆಲ್ಲ 2022ರ ಜನವರಿ 1ರಂದು ಸಾರ್ವಜನಿಕರ ಸ್ವತ್ತಾದವು. ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಹಾಡು ನೂರಾರು ವರ್ಷ ಹಳೆಯದು ಅಂದರೆ ಅದರ ಮುದ್ರಣ ಉಚಿತ ಅಂತ ಅರ್ಥ ಅಲ್ಲ. ರಚನೆಯ ಹಕ್ಕು ಬೇರೆ, ಆ ದಿನ ಆ ಕೋಣೆಯಲ್ಲಿ ಹಾಡಿ ಮುದ್ರಿಸಿದ್ದರ ಹಕ್ಕು ಬೇರೆ.

ಏಳು ಕ್ಯಾಸೆಟ್

36 ಕ್ಯಾಸೆಟ್‌ಗಳಲ್ಲಿ 29 ಅಂಗಡಿಯಿಂದ ಕೊಂಡವು. ಅವನ್ನು ಡಿಜಿಟಲ್ ಮಾಡಲಿಲ್ಲ. ಕ್ಯಾಸೆಟ್ ಅದರ ವೇಗದಲ್ಲೇ ಓಡಬೇಕು, 60 ನಿಮಿಷಕ್ಕೆ 60 ನಿಮಿಷ. ಅಷ್ಟು ಕೂತರೂ ಸಿಗುವುದು ಸಿಡಿಗಿಂತ ಕಡಿಮೆ ಗುಣಮಟ್ಟ. ಅದೇ ಆಲ್ಬಂ ಸಿಡಿಯಲ್ಲಿ ಸಿಕ್ಕಾಗ ಕೊಂಡರಾಯಿತು.

ಉಳಿದ ಏಳು ಮನೆಯಲ್ಲೇ ಮುದ್ರಿಸಿದವು. ಅವುಗಳ ಇನ್ನೊಂದು ಪ್ರತಿ ಪ್ರಪಂಚದಲ್ಲಿ ಎಲ್ಲೂ ಇಲ್ಲ. ಇವನ್ನು ಎಲ್ಲಕ್ಕಿಂತ ಮೊದಲು ಮಾಡಬೇಕಿತ್ತು ಅಂತ ಈಗ ಅನ್ನಿಸುತ್ತದೆ. ಸಿಡಿ ಕಾಯುತ್ತದೆ, ಟೇಪ್ ಕಾಯುವುದಿಲ್ಲ.

ಅದರಲ್ಲೊಂದು ಸಿ-60, ಅಂದರೆ 60 ನಿಮಿಷದ ಕ್ಯಾಸೆಟ್. ಮೇಲೆ ಬಾಲ್‌ಪೆನ್ನಿನಲ್ಲಿ 'ಅಜ್ಜಿ' ಅಂತ ಬರೆದಿತ್ತು. ಕ್ಯಾಸೆಟ್ ಹಾಡಿಸುವ ಡೆಕ್‌ಗೆ ಹಾಕಿದರೆ ಸದ್ದು ಬರುತ್ತಿತ್ತು ಹೋಗುತ್ತಿತ್ತು. ತೆಗೆದು ನೋಡಿದೆ. ಟೇಪ್ ಹಿಂದೆ ಒಂದು ಸಣ್ಣ ತಗಡಿನ ಸ್ಪ್ರಿಂಗ್, ಅದರ ಮೇಲೆ ಹೆಸರುಕಾಳಿನಷ್ಟು ಒಂದು ಮೆತ್ತೆ ಇರುತ್ತದೆ, ಟೇಪನ್ನು ಓದುವ ಭಾಗಕ್ಕೆ, ಅಂದರೆ ಹೆಡ್‌ಗೆ, ಒತ್ತಿ ಹಿಡಿಯಲು. ಆ ಮೆತ್ತೆಯ ಅಂಟು ಒಣಗಿ ಉದುರಿಹೋಗಿತ್ತು. ಟೇಪ್ ಮಾತ್ರ ಸರಿಯಾಗಿಯೇ ಇತ್ತು.

ಐದು ಸ್ಕ್ರೂ ಇರುವ ಒಂದು ಬೇಡದ ಕ್ಯಾಸೆಟ್ ಹುಡುಕಿದೆ. ಬಿಳಿ ಬಟ್ಟೆ ಹಾಸಿ, ಕೈ ತೊಳೆದು ಒರೆಸಿಕೊಂಡು, ಎರಡನ್ನೂ ಬಿಚ್ಚಿದೆ. ಮೊದಲು ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡೆ, ಟೇಪ್ ಯಾವ ಉರುಳೆಯ ಯಾವ ಬದಿಯಿಂದ ಹೋಗಿದೆ ಅಂತ. ಎರಡು ಸುರುಳಿಗಳನ್ನೂ ಎರಡು ಕೈಯಲ್ಲಿ, ನಡುವಿನ ಟೇಪ್ ತಿರುಚದ ಹಾಗೆ, ಒಟ್ಟಿಗೆ ಎತ್ತಿ ಹೊಸ ಗೂಡಿಗೆ ಇಳಿಸಿದೆ. ಉಸಿರು ಬಿಡಲೂ ಭಯ. ಮುಚ್ಚಿ, ಸ್ಕ್ರೂ ಹಾಕಿ, ಪೆನ್ಸಿಲ್ ತೂರಿಸಿ ಮೆಲ್ಲಗೆ ಎರಡು ಸುತ್ತು ತಿರುಗಿಸಿದೆ. ಓಡಿತು.

ಆಮೇಲೆ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ, ಕಂದು ಬಣ್ಣ ಬಂತು. ಹೆಡ್ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಇದೆ, ಅದು ಹೆಡ್ಡಿನ ಓರೆಯನ್ನು ಸರಿಮಾಡುವುದು, ಅಜಿಮತ್ ಅನ್ನುತ್ತಾರೆ. ಮುದ್ರಿಸಿದ ಯಂತ್ರದ ಓರೆಗೂ ಓದುವ ಯಂತ್ರದ ಓರೆಗೂ ಕೂದಲೆಳೆ ವ್ಯತ್ಯಾಸ ಇದ್ದರೂ ಮೇಲಿನ ಸ್ವರಗಳು ಮಂಕಾಗುತ್ತವೆ. ಟೇಪ್ ಓಡುತ್ತಿರುವಾಗಲೇ, ಎರಡೂ ಚಾನೆಲ್ ಸೇರಿಸಿ ಮೋನೋದಲ್ಲಿ ಕೇಳುತ್ತಾ, ಸ್ಕ್ರೂವನ್ನು ಎಳ್ಳಷ್ಟು ಎಳ್ಳಷ್ಟು ತಿರುಗಿಸಿದೆ. ಮಂಕು, ಮಂಕು, ಇನ್ನೂ ಮಂಕು, ಆಮೇಲೆ ತಟ್ಟನೆ ಪರದೆ ಸರಿದ ಹಾಗೆ ಒಂದು 'ಸ' ಅಕ್ಷರ ಸ್ಪಷ್ಟವಾಗಿ ಕೇಳಿತು. ಅಲ್ಲಿಗೆ ನಿಲ್ಲಿಸಿದೆ.

ಡೆಕ್ ಎರವಲು ತಂದದ್ದು. ಲ್ಯಾಪ್‌ಟಾಪ್‌ನ ಮೈಕ್ ತೂತು ಸಾಮಾನ್ಯವಾಗಿ ಮೋನೋ, ಅದಕ್ಕೆ ಡೆಕ್ ಸಿಕ್ಕಿಸಬಾರದು. ಲೈನ್ ಇನ್, ಅಂದರೆ ಡೆಕ್‌ನಂಥ ಸಾಧನ ಸಿಕ್ಕಿಸುವ ತೂತು, ಇರುವ ಒಂದು ಸಣ್ಣ ಯುಎಸ್‌ಬಿ ಅಡಾಪ್ಟರ್ ಕೊಂಡೆ, ದೊಡ್ಡ ಬೆಲೆಯದಲ್ಲ. 24 ಬಿಟ್‌ನಲ್ಲಿ ಮುದ್ರಿಸಿದೆ. ಇಲ್ಲಿ ಮಾತ್ರ 24 ಬಿಟ್‌ಗೆ ಕೆಲಸ ಇದೆ, ಮಟ್ಟವನ್ನು ಧಾರಾಳವಾಗಿ ಕೆಳಗೆ ಇಟ್ಟುಕೊಳ್ಳಬಹುದು, ಗಟ್ಟಿ ದನಿ ಬಂದಾಗ ಒಡೆಯುವುದಿಲ್ಲ. ಒಂದು ಗಂಟೆಗೆ ಸುಮಾರು 950 ಎಂಬಿ ಆಯಿತು. ಹಿಸ್ ಸದ್ದು ತೆಗೆಯುವ ಫಿಲ್ಟರ್ ಹಾಕಿ ನೋಡಿದೆ. ಹಿಸ್ ಹೋಯಿತು, ದನಿಯ ಜೊತೆಗಿದ್ದ ಉಸಿರೂ ಹೋಯಿತು. ಹಾಗಾಗಿ ಮೂಲ ಫೈಲನ್ನು ಏನೂ ಮಾಡದೆ ಇಟ್ಟೆ. ಶುದ್ಧ ಮಾಡುವ ತಂತ್ರಾಂಶ ಮುಂದೆ ಇನ್ನೂ ಚೆನ್ನಾಗಿ ಬರುತ್ತದೆ, ಮೂಲ ಇದ್ದರೆ ಸಾಕು.

ಡಬ್ಬಿ ತಂದದ್ದು ಯಾಕೆ

ಹತ್ತನೇ ತಿಂಗಳಲ್ಲಿ ಒಂದು ಅನಾಹುತ ಆಯಿತು. ಕಂಪ್ಯೂಟರಿನಲ್ಲಿ ಒಂದು ಪ್ರತಿ, ಹೊಸ ಡಿಸ್ಕ್‌ನಲ್ಲಿ ಇನ್ನೊಂದು. ಎರಡೂ ಒಂದೇ ಥರ ಇರಲಿ ಅಂತ ಒಂದು ಸಿಂಕ್ ತಂತ್ರಾಂಶ. ಒಂದು ಸಂಜೆ ಫೋಲ್ಡರುಗಳ ಹೆಸರು ಬದಲಾಯಿಸುವಾಗ ಸಂಕಲನಗಳ ಫೋಲ್ಡರ್ ಪೂರ್ತಿ ಅಳಿಸಿದ್ದೆ, 340 ಹಾಡು. ಗಮನಿಸಲಿಲ್ಲ. ರಾತ್ರಿ ಸಿಂಕ್ ಓಡಿತು. ಇಲ್ಲಿ ಇಲ್ಲದ್ದು ಅಲ್ಲಿಯೂ ಇರಬಾರದು ಅನ್ನುವುದೇ ಅದರ ಕೆಲಸ. ಅಲ್ಲಿಯೂ ಅಳಿಸಿತು.

ಬೆಳಗ್ಗೆ ಗೊತ್ತಾದಾಗ ಕೈ ತಣ್ಣಗಾಯಿತು. ಉಳಿಸಿದ್ದು ಮೂರನೇ ಪ್ರತಿ. ಸಂಗೀತದ ರಾಶಿ ತೆಗೆದ ಮೇಲೆ ಹಳೇ ಹಾರ್ಡ್ ಡಿಸ್ಕ್ ಖಾಲಿಯಾಗಿತ್ತು, ಅದಕ್ಕೆ ಎಲ್ಲವನ್ನೂ ತುಂಬಿ ತಂಗಿಯ ಮನೆಯಲ್ಲಿ ಇಟ್ಟಿದ್ದೆ. ತಿಂಗಳಿಗೊಮ್ಮೆ ತಂದು ಹೊಸದು ಸೇರಿಸಿ ವಾಪಸ್ ಕೊಡುವುದು. ಅದು ಯಾವ ಕಂಪ್ಯೂಟರಿಗೂ ಸಿಕ್ಕಿಸಿಲ್ಲದ ಕಾರಣ ಯಾವ ಸಿಂಕ್‌ಗೂ ಸಿಗಲಿಲ್ಲ. 340 ಹಾಡೂ ಬಂದವು. ಹೋದದ್ದು ಒಂದು ತಿಂಗಳು ಕೂತು ತಿದ್ದಿದ ಟ್ಯಾಗ್ ಮಾತ್ರ.

ಮೂರು ಪ್ರತಿ, ಎರಡು ಥರದ ಸಾಧನ, ಒಂದು ಮನೆಯಿಂದ ಹೊರಗೆ. 3-2-1 ಅಂತ ಇದಕ್ಕೆ ಹೇಳುವುದು. ನನ್ನದರಲ್ಲಿ '2' ಸರಿಯಾಗಿ ಇಲ್ಲ, ಮೂರು ಪ್ರತಿಯೂ ಹಾರ್ಡ್ ಡಿಸ್ಕೇ. ದುಡ್ಡಿಗೆ ತಕ್ಕ ಹಾಗೆ ಅಷ್ಟಕ್ಕೆ ನಿಲ್ಲಿಸಿದ್ದೇನೆ. ಆದರೆ ಆ ಏಳು ಕ್ಯಾಸೆಟ್‌ಗಳ ಫೈಲ್ ಮಾತ್ರ ಒಂದು ಪೆನ್ ಡ್ರೈವ್‌ನಲ್ಲೂ ಕ್ಲೌಡ್‌ನಲ್ಲೂ ಇವೆ. ಸಿಂಕ್ ತಂತ್ರಾಂಶದಲ್ಲಿ ಈಗ ಅಳಿಸಿದ್ದನ್ನು 60 ದಿನ ಬೇರೆ ಫೋಲ್ಡರಿನಲ್ಲಿ ಇಟ್ಟುಕೊಳ್ಳಲು ಹೇಳಿದ್ದೇನೆ. ಆರು ತಿಂಗಳಿಗೊಮ್ಮೆ ಫ್ಲ್ಯಾಕ್‌ನ ಪರೀಕ್ಷೆ ಓಡಿಸುತ್ತೇನೆ. ಒಂದೊಂದು ಫ್ಲ್ಯಾಕ್ ಫೈಲಿನ ಒಳಗೂ ಮೂಲ ಸದ್ದಿನ ಎಂಡಿ5 ಗುರುತು ಇರುತ್ತದೆ, ಡಿಸ್ಕ್ ಹಳತಾಗಿ ಸದ್ದಿನಲ್ಲಿ ಎಲ್ಲಾದರೂ ಒಂದು ಬಿಟ್ ಕೆಟ್ಟಿದ್ದರೂ ಅದು ಹೇಳಿಬಿಡುತ್ತದೆ.

ಈಗ

ಒಂದು ಹಳೇ ಫೋನ್ ಇತ್ತು, ಬ್ಯಾಟರಿ ಅರ್ಧ ದಿನ ಬರುವುದೂ ಕಷ್ಟ, ಆದರೆ ಕಾರ್ಡ್ ಹಾಕುವ ಜಾಗ ಇದೆ. ಸಿಮ್ ತೆಗೆದು, ವಿಎಲ್‌ಸಿ ಪ್ಲೇಯರ್ ಹಾಕಿ, ಎಲ್ಲ ಓಪಸ್ ಪ್ರತಿಗಳನ್ನು ತುಂಬಿದ್ದೇನೆ. ಎಲ್ಲ ಆಲ್ಬಂಗೂ ರಿಪ್ಲೇಗೇನ್ ಅನ್ನುವ, ಸದ್ದಿನ ಮಟ್ಟ ಸರಿಹೊಂದಿಸುವ ಟ್ಯಾಗ್ ಹಾಕಿದ್ದೇನೆ. ಅದನ್ನು ಓದುವ ಪ್ಲೇಯರ್‌ನಲ್ಲಿ ಒಂದು ಹಾಡು ಮೆಲ್ಲಗೆ, ಮುಂದಿನದು ಕಿವಿ ಒಡೆಯುವ ಹಾಗೆ ಬರುವುದಿಲ್ಲ. 27ರಲ್ಲಿ 16 ಆಲ್ಬಂ ಇನ್ನೂ ಹಳೇ ಎಂಪಿ3ಗಳಾಗಿಯೇ ಇವೆ. ಅವಕ್ಕೆ ಬೇರೆ ಫೋಲ್ಡರ್, ಹೆಸರು 'ಹುಡುಕಬೇಕು'. ಸ್ಟ್ರೀಮಿಂಗ್ ಪೂರ್ತಿ ಬಿಟ್ಟಿಲ್ಲ. ಹೊಸ ಹಾಡು ಕೇಳಿ ನೋಡಲು ವರ್ಷಕ್ಕೆ ಎರಡು ತಿಂಗಳು ಚಂದಾ ಕಟ್ಟುತ್ತೇನೆ, ಉಳಿದ ಹತ್ತು ತಿಂಗಳ ದುಡ್ಡು ಆ 16ಕ್ಕೆ.

ಅಜ್ಜಿಯ ಕ್ಯಾಸೆಟ್ಟನ್ನು ಏಳು ತುಂಡು ಮಾಡಿ, ಟ್ಯಾಗ್ ಬರೆದು, ಅಮ್ಮನಿಗೆ ಕೇಳಿಸಿದೆ. ಹಾಡಿದವರ ಜಾಗದಲ್ಲಿ ಏಳಕ್ಕೂ ಅಜ್ಜಿಯ ಹೆಸರು ಹಾಕಿದ್ದೆ. ಅಮ್ಮ ಕಣ್ಣು ಮುಚ್ಚಿಕೊಂಡು ಕೇಳಿದರು. ನಾಲ್ಕನೆಯದು ಶುರುವಾದಾಗ ಕೈ ಎತ್ತಿ ನಿಲ್ಲಿಸು ಅಂದರು. "ಇದು ಅಜ್ಜಿ ಅಲ್ಲ. ನನ್ನ ಅಕ್ಕ. ಅಜ್ಜಿ ಕೆಮ್ಮುತ್ತಾ ಇದ್ದಳು, ನೀನು ಹಾಡು ಅಂತ ಅವಳ ಕೈಗೆ ಮೈಕ್ ಕೊಟ್ಟಳು. ಕೇಳು, ಹಿಂದೆ ಕೆಮ್ಮು ಕೇಳುತ್ತೆ." ಹಿಂದಕ್ಕೆ ಹೋಗಿ ಹಾಕಿದೆ. ಹಿಸ್ ಸದ್ದಿನ ಒಳಗೆ, ದೂರದಲ್ಲಿ, ಎರಡು ಸಲ ಕೆಮ್ಮು ಇತ್ತು.

ನಾಲ್ಕನೇ ಫೈಲಿನ ಟ್ಯಾಗ್ ತೆರೆದು ದೊಡ್ಡಮ್ಮನ ಹೆಸರು ಬರೆದೆ. ಟಿಪ್ಪಣಿಯ ಜಾಗದಲ್ಲಿ ಕೆಮ್ಮು ಬರುವ ನಿಮಿಷ, ಸೆಕೆಂಡನ್ನೂ ಬರೆದೆ. ಇನ್ನು ತಂಗಿಯ ಮನೆಯ ಡಿಸ್ಕ್ ತರಬೇಕು.